ಆಳಾಯ್ತು

ಬೆಲ್ಟು ಹೊಸದು, ಆದರೂ ಕೂರುತ್ತಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ಗೋವಿಂದರಾಜ್ ಅಂಗಿಯನ್ನೂ ಬಿಚ್ಚದೆ ನಡುಮನೆಯಲ್ಲಿ ಹಳೇ ತಮಿಳು ಪೇಪರು ಹಾಸಿ, ಗ್ರೈಂಡರನ್ನು ಬೋರಲು ಹಾಕಿ, ತಳದ ತಗಡು ಬಿಚ್ಚಿಕೊಂಡು ಕೂತಿದ್ದ. ಒಂದು ಕಡೆ ಮೋಟರಿನ ಸಣ್ಣ ಗಾಲಿ, ಇನ್ನೊಂದು ಕಡೆ ಪಾತ್ರೆಯನ್ನು ತಿರುಗಿಸುವ ದೊಡ್ಡ ಗಾಲಿ. ಸಣ್ಣದಕ್ಕೆ ಹಾಕಿದರೆ ದೊಡ್ಡದರಿಂದ ಜಾರುತ್ತಿತ್ತು, ದೊಡ್ಡದಕ್ಕೆ ಹಾಕಿದರೆ ಸಣ್ಣದಕ್ಕೆ ಎಟುಕುತ್ತಿರಲಿಲ್ಲ. ನಿದ್ದೆಗೆಟ್ಟ ಕಣ್ಣಿಗೆ ಎರಡೂ ಗಾಲಿ ಒಂದೊಂದು ಸಲ ತಾವಾಗಿಯೇ ತಿರುಗಿದಂತೆ ಕಾಣುತ್ತಿತ್ತು. ಅಡುಗೆಮನೆಯಲ್ಲಿ ಅರ್ಧ ರುಬ್ಬಿದ ಹಿಟ್ಟು ತರಿತರಿಯಾಗಿ ಪಾತ್ರೆಯಲ್ಲೇ ಉಳಿದು ಹುಳಿವಾಸನೆ ಹೊಡೆಯುತ್ತಿತ್ತು. ಹೆಂಡತಿ ಶಾಂತಿ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅವಳು ಮಾತಾಡದಿದ್ದಾಗಲೇ ಅವನಿಗೆ ಹೆಚ್ಚು ಕೇಳಿಸುವುದು. ಕಂಪನಿಯಲ್ಲಿ ರಾತ್ರಿಯೆಲ್ಲ ಪಂಪುಗಳ ಸದ್ದಿನಲ್ಲಿ ನಿಂತು ಬರುವವನ ಕಿವಿಗೆ ಮನೆಯ ಮೌನ ಒಂದು ಮಷೀನಿನ ಹಾಗೆಯೇ ಗುಂಯ್‌ಗುಡುತ್ತಿತ್ತು.

ಕೆಟ್ಟದ್ದು ಸ್ವಂತದ್ದಾಗಿದ್ದರೆ ಇಷ್ಟು ಸಂಕಟವಿರುತ್ತಿರಲಿಲ್ಲ. ಗ್ರೈಂಡರು ಕೆಳಗಿನ ಮನೆಯ ಅಂಜಮ್ಮನದು, ಮನೆಯ ಯಜಮಾನಿಯದು. ಮೆಟ್ಟೂರಿಗೆ ಬಂದು ಈ ಮಹಡಿಯನ್ನು ಬಾಡಿಗೆಗೆ ಹಿಡಿದಾಗ, ‘ಸುಮ್ಮನಿದ್ದರೆ ತುಕ್ಕು ಹಿಡಿಯುತ್ತೆ, ನೀವೂ ರುಬ್ಬಿಕೊಳ್ಳಿ’ ಎಂದು ಅಡುಗೆಮನೆಯಲ್ಲೇ ಬಿಟ್ಟುಕೊಟ್ಟಿದ್ದಳು. ಬಿಟ್ಟುಕೊಟ್ಟದ್ದೇನೋ ನಿಜ, ಆದರೆ ವಾರಕ್ಕೊಂದು ಸಲ ತನ್ನ ಅಕ್ಕಿ ಉದ್ದು ನೆನೆಸಿಕೊಂಡು ಮೇಲೆ ಬಂದು ತಾನೂ ರುಬ್ಬುತ್ತಿದ್ದಳು. ಕಲ್ಲು ತಿರುಗುವಷ್ಟು ಹೊತ್ತೂ ಮಣೆ ಹಾಕಿಕೊಂಡು ಕೂತು, ಗೋಡೆಗೆ ಹೊಸದಾಗಿ ಹೊಡೆದ ಮೊಳೆ, ತೊಟ್ಟಿಕ್ಕುವ ನಲ್ಲಿ, ಒಣಹಾಕಿದ ಬಟ್ಟೆ, ಎಲ್ಲದರ ಮೇಲೂ ಒಂದು ಸಲ ಕಣ್ಣಾಡಿಸಿ ಕೊನೆಗೆ ಮಗಳು ಯಾಳಿನಿಯ ಮೇಲೆ ಕಣ್ಣು ನಿಲ್ಲಿಸುತ್ತಿದ್ದಳು. ಗ್ರೈಂಡರಿನ ಗದ್ದಲದಲ್ಲಿ ಮೆಲ್ಲಗೆ ಕೇಳಿದರೆ ಕೇಳಿಸುವುದಿಲ್ಲವಲ್ಲ, ಹಾಗಾಗಿ ಕೂಗಿಯೇ ಕೇಳುತ್ತಿದ್ದಳು: “ಏನ್ ಶಾಂತಿ, ಪುಳ್ಳೈ ಇನ್ನುಂ ಆಗಲಿಯಾ?” ಹುಡುಗಿ ಇನ್ನೂ ಆಗಿಲ್ಲವೇ. ಏನು ಆಗಿಲ್ಲವೇ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಶಾಂತಿಯೂ ಕೂಗಿಯೇ ಉತ್ತರ ಕೊಡಬೇಕಾಗುತ್ತಿತ್ತು: ಇನ್ನೂ ಇಲ್ಲಕ್ಕ, ನಮ್ಮ ಕಡೆ ತಡವೇ. ಪ್ಲಸ್ ಒನ್, ಅಂದರೆ ಹನ್ನೊಂದನೇ ತರಗತಿ, ಓದುವ ಹುಡುಗಿ ಪಕ್ಕದ ಕೋಣೆಯಲ್ಲಿ ಪುಸ್ತಕ ಹಿಡಿದು ಕೂತಿರುತ್ತಿದ್ದಳು. ಅವಳ ಕ್ಲಾಸಿನವರೆಲ್ಲ ಎಂಟರಲ್ಲೋ ಒಂಬತ್ತರಲ್ಲೋ ದೊಡ್ಡವರಾಗಿ, ಅರಿಶಿನ ನೀರಿನ ಸಮಾರಂಭಕ್ಕೆ ಬೀದಿಗೆ ಫ್ಲೆಕ್ಸ್ ಕಟ್ಟಿಸಿಕೊಂಡು, ಮರೆತೂಬಿಟ್ಟಿದ್ದರು. ನಿನ್ನೆ ಸಂಜೆ ಟಪ್ಪೆಂದು ಸದ್ದಾಗಿ, ಮೋಟರು ಮಾತ್ರ ಗೊರಗೊರ ಎಂದು ಪಾತ್ರೆ ನಿಂತುಹೋದಾಗ ಶಾಂತಿಯ ಮುಖದಲ್ಲಿ ಹೆದರಿಕೆಯ ಜೊತೆಗೆ ಇನ್ನೂ ಏನೋ ಕಂಡಿತ್ತು. ಈ ವಾರ ಆ ಪ್ರಶ್ನೆ ಬರುವುದಿಲ್ಲ ಎಂಬ ಸಮಾಧಾನವಿರಬೇಕು ಎಂದು ಪಾಳಿಗೆ ಹೋಗುವ ಬಸ್ಸಿನಲ್ಲಿ ಅವನಿಗೆ ಹೊಳೆದಿತ್ತು, ಹೊಳೆದದ್ದಕ್ಕೆ ನಾಚಿಕೆಯಾಗಿತ್ತು.

“ಲೇ ಗೋವಿಂದಾ, ನಾವೇ ಮುಂದಾಗಿ ಏಳ್ಬುಡಾದು ಚೆಂದ ಕಣ್ಲಾ,” ಎಂದಳು ಅವನ ತಾಯಿ ಪೆದ್ದಮ್ಮ. ಬೆಳಗಿನಿಂದ ಅವಳು ಬಾಗಿಲಿಗೂ ಗ್ರೈಂಡರಿಗೂ ನಡುವೆ ಓಡಾಡುತ್ತಿದ್ದಳು. “ಅವ್ಳಾಗಿ ಮ್ಯಾಕ್ ಬಂದು ನೋಡುದ್ರೆ ಏನಂದ್ಕತಾಳೆ? ಮನೆ ಬುಡಿ ಅಂದ್ರೆ ಎಲ್ಲಿಗ್ಲಾ ಓಗಾದು?”

“ಸುಮ್ಕಿರವ್ವ, ಇನ್ನೊಂದ್ ಗಳಿಗೆ. ಸರಿ ಆಗ್ತೈತೆ.”

ಪೆದ್ದಮ್ಮ ಸುಮ್ಮನಿರುವ ಪೈಕಿ ಅಲ್ಲ. ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದು ಹೋದಳು. ಕೆಳಗೆ ಮಾತು ಕೇಳಿಸಿತು, ನಗು ಕೇಳಿಸಿತು, ಏನೆಂದು ಅವನಿಗೆ ಗೊತ್ತಾಗಲಿಲ್ಲ. ಮೋಟರಿನ ಸ್ಕ್ರೂ ಸಡಿಲಿಸಿದರೆ ಅದು ಕೂದಲೆಳೆಯಷ್ಟು ಇತ್ತ ಸರಿಯಬಹುದು ಎಂಬ ಯೋಚನೆಯಲ್ಲಿ ಅವನಿದ್ದ. ಪೆದ್ದಮ್ಮ ಏದುಸಿರು ಬಿಡುತ್ತ ಮೇಲೆ ಬಂದಳು, ಮುಖ ಹೂವಾಗಿತ್ತು. “ಬೈಲೇ ಇಲ್ಲ ಕಣ್ಲಾ! ನಕ್ಬುಟ್ಲು. ನನ್ ಕೈ ಇಡ್ಕಂಡು, ಒಳ್ಳೇದಾಯ್ತಕ್ಕ, ಪೌರ್ಣಮಿ ದಿನ ಬೇರೆ, ಅಂದ್ಲು. ಎಂಥಾ ಮನ್ಸಿ ನೋಡು!” ಏನಂದೆ ಅವಳಿಗೆ ಎಂದು ಅವನು ತಲೆಯೆತ್ತದೆ ಕೇಳಿದ. “ಏನಂತೀನಿ, ಆಳಾಯ್ತು ಅಂದೆ. ಮೊದ್ಲು ನಿಮ್ಗೇ ಏಳಾಣ ಅಂತ ಬಂದೆ ಅಂದೆ.” ಅವನು ಹೂಂಗುಟ್ಟಿ ಸ್ಕ್ರೂ ತಿರುಗಿಸಿದ.

ಹಾಳಾಯಿತು ಎನ್ನುವ ಮಾತಿನ ಹಕಾರ ಆ ಮನೆಯವರ ಬಾಯಲ್ಲಿ ಎಂದೂ ನಿಂತದ್ದಲ್ಲ. ನಲ್ಲಂಪಳ್ಳಿ ಕಡೆಯ ಅವರ ಹಳ್ಳಿಯಲ್ಲಿ ಹಾಲು ಹುಳಿತರೂ ಆಳಾಯ್ತು, ಮಳೆಯಿಲ್ಲದೆ ಬೆಳೆ ಒಣಗಿದರೂ ಆಳಾಯ್ತು, ಕುಡಿದು ತಿರುಗುವ ಅಳಿಯನೂ ಆಳಾದ. ಪೆದ್ದಮ್ಮನಿಗೆ ತಮಿಳು ಬರದೆ ಇಲ್ಲ, ಸಂತೆಯಲ್ಲಿ ತಮಿಳರನ್ನೇ ಸೋಲಿಸಿ ಚೌಕಾಸಿ ಮಾಡುವವಳು. ಆದರೆ ಮನೆಯ ಯಜಮಾನಿಯ ಎದುರು ನಿಂತಾಗ ಹೆದರಿಕೆಗೆ ಬಾಯಿಗೆ ಬಂದದ್ದು ಮನೆಯ ಮಾತು, ಅದಕ್ಕೆ ಒಂದು ತಮಿಳಿನ ಬಾಲ ಸೇರಿಸಿ ‘ಆಳಾಯಿಡುಚ್ಚು ಅಂಜಮ್ಮಾ’ ಎಂದುಬಿಟ್ಟಿದ್ದಳು. ಯಾವುದು ಎಂದು ಹೇಳಿರಲಿಲ್ಲ. ತಮಿಳಿನಲ್ಲಿ ಹುಡುಗಿ ‘ಆಳಾದಳು’ ಎಂದರೆ ಮೈನೆರೆದಳು ಎಂದೇ ಅರ್ಥ. ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಊರಿನಲ್ಲಿ ಅಂಜಮ್ಮ ಒಬ್ಬಳನ್ನೇ ತಪ್ಪು ಹಿಡಿಯುವಂತಿಲ್ಲ. ಅವಳು ವಾರವಾರವೂ ಕೇಳುತ್ತಿದ್ದದ್ದು ಆ ಒಂದು ಸುದ್ದಿಯನ್ನೇ.

ಮೆಟ್ಟಿಲ ಮೇಲೆ ಬಳೆಗಳ ಸದ್ದಾಯಿತು. ಅಂಜಮ್ಮ ಮುಂದೆ, ಬೀದಿಯ ಇಬ್ಬರು ಹೆಂಗಸರು ಹಿಂದೆ. ಅಂಜಮ್ಮನ ಕೈಯಲ್ಲಿ ಹಿತ್ತಾಳೆ ತಟ್ಟೆ, ಅದರಲ್ಲಿ ಅರಿಶಿನ, ಹೂವು, ಹಸಿರು ಬಳೆ, ಎಳ್ಳೆಣ್ಣೆಯ ಬಾಟಲಿ, ಕೋಳಿಮೊಟ್ಟೆ. “ಎಂಗೆ ಎನ್ ತಂಗಂ?” ನನ್ನ ಬಂಗಾರ ಎಲ್ಲಿ ಎಂದು ಕೇಳುತ್ತ ಗ್ರೈಂಡರನ್ನು ಸುತ್ತುಹಾಕಿ ಒಳಗೆ ಬಂದೇಬಿಟ್ಟಳು. ಶಾಲೆಗೆ ರಜೆಯಿದ್ದದ್ದರಿಂದ ಯಾಳಿನಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಎಲ್ಲರಿಗಿಂತ ಮೊದಲು ಅರ್ಥವಾದದ್ದು ಅವಳಿಗೇ, ಎರಡು ಭಾಷೆಯಲ್ಲೂ ಬೆಳೆದ ಹುಡುಗಿ. ಅವಳ ಕಿವಿ ಕೆಂಪಾಯಿತು. ಆಮೇಲೆ ಶಾಂತಿಗೆ ತಿಳಿಯಿತು. ಶಾಂತಿ ಅತ್ತೆಯನ್ನು ನೋಡಿದಳು, ಬೋರಲು ಬಿದ್ದ ಗ್ರೈಂಡರನ್ನು ನೋಡಿದಳು, ಮಗಳನ್ನು ನೋಡಿದಳು. ಇಲ್ಲಕ್ಕ, ಆಳಾದದ್ದು ಇದು, ಎಂದು ಒಂದು ಬೆರಳು ತೋರಿಸಿದ್ದರೆ ಸಾಕಿತ್ತು, ಎಲ್ಲರೂ ನಕ್ಕುಬಿಡುತ್ತಿದ್ದರು. ನಕ್ಕ ಮೇಲೆ ಅಂಜಮ್ಮ ಹುಡುಗಿಯ ಕಡೆ ತಿರುಗಿ ‘ಹಾಗಾದರೆ ಇನ್ನೂ ಇಲ್ಲವೇ’ ಎಂದು ಈ ಇಬ್ಬರ ಎದುರಿಗೂ ಕೇಳುತ್ತಿದ್ದಳು. ಶಾಂತಿ ಎರಡೂ ಕೈ ಚಾಚಿ ತಟ್ಟೆ ತೆಗೆದುಕೊಂಡಳು. “ವಾಂಗಕ್ಕಾ,” ಎಂದಳು, ಬನ್ನಿ ಎಂದು.

ಯಾಳಿನಿ ಅಪ್ಪನ ಕಡೆ ನೋಡಿದಳು. ಅವನಿಗೆ ಗೊತ್ತಾಯಿತು, ತಾನು ಈಗ ಮಾತಾಡಬೇಕು. ನಾಲಗೆಯಲ್ಲಿ ತಮಿಳೂ ಇತ್ತು, ಕನ್ನಡವೂ ಇತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಬದುಕಿದವನಿಗೆ ಅಂಥ ಹೊತ್ತಿನಲ್ಲಿ ಎರಡೂ ಕೈಕೊಡುತ್ತವೆ. ಅವನು ತಲೆ ತಗ್ಗಿಸಿ ದೊಡ್ಡ ಗಾಲಿಯನ್ನು ಕೈಯಿಂದ ತಿರುಗಿಸಿದ, ಅಷ್ಟು ಹೊತ್ತೂ ಹಟಮಾಡುತ್ತಿದ್ದ ಬೆಲ್ಟು ಸರಕ್ಕನೆ ಅಂಚಿಗೆ ಏರಿ ಕೂತುಕೊಂಡಿತು. ಅವನಿಗೆ ಸಂತೋಷವಾಯಿತು. ಮಗಳ ಕಣ್ಣು ತನ್ನ ಮೇಲಿರುವಾಗ ಒಂದು ರಬ್ಬರಿನ ಬೆಲ್ಟಿಗಾಗಿ ಸಂತೋಷಪಟ್ಟೆನಲ್ಲ ಎಂದು ಮರುಕ್ಷಣವೇ ಹೇಸಿಗೆಯಾಯಿತು. ಅಷ್ಟರಲ್ಲಿ ಹಿಂದಿದ್ದ ಹೆಂಗಸು, “ತಂಬಿ, ಕೊಂಜಂ ವೆಳಿಯೇ ಇರುಂಗ,” ಎಂದಳು, ತಮ್ಮಾ, ಸ್ವಲ್ಪ ಹೊರಗಿರಿ ಎಂದು. ಗಂಡಸರು ಇರಬಾರದು, ತಂದೆಯಂತೂ ಮುಖ ನೋಡಬಾರದು. ಅವನು ಗ್ರೈಂಡರನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡು ಹೊರಗೆ ಹೋಗಿ ಮೆಟ್ಟಿಲ ತಲೆಯಲ್ಲಿ ಕೂತ. ಬಾಗಿಲು ಹಾಕಿಕೊಂಡಿತು.

ಮಗಳನ್ನು ತೋರಿಸಲು ಹೋದಾಗ ಸೇಲಂನ ಆಸ್ಪತ್ರೆಯಲ್ಲೂ ಹೀಗೆಯೇ ಬಾಗಿಲ ಹೊರಗೆ ನಿಂತಿದ್ದ. ಅಲ್ಲಿ ಯಾರೂ ಅವನನ್ನು ಹೊರಗಿರು ಎಂದಿರಲಿಲ್ಲ, ತಾನೇ ನಿಂತಿದ್ದ. ಹೆಂಗಸರ ವಿಷಯ, ಡಾಕ್ಟರೂ ಹೆಂಗಸು, ತನಗೇನು ಕೆಲಸ ಎಂದುಕೊಂಡು ಗೋಡೆಯ ಮೇಲೆ ಅಂಟಿಸಿದ್ದ ಬಸುರಿಯರ ಆಹಾರದ ಚಿತ್ರ ನೋಡುತ್ತಿದ್ದ. ಶಾಂತಿ ಹೊರಗೆ ಬಂದು “ಏನೂ ಇಲ್ವಂತೆ, ಸ್ಕ್ಯಾನ್ ಮಾಡ್ಬೇಕಂತೆ” ಎಂದಳು. ಒಳಗೆ ಕೇಳಿದ್ದಕ್ಕೆ ಇವಳು ಸರಿಯಾಗಿ ಉತ್ತರ ಹೇಳಿದಳೋ ಇಲ್ಲವೋ, ನಮ್ಮ ಕಡೆ ತಡವೇ ಎಂದು ಅಲ್ಲೂ ತೇಲಿಸಿಬಿಟ್ಟಳೋ ಎಂದು ಅವನು ಕೇಳಲಿಲ್ಲ. ಏನೂ ಇಲ್ಲ ಎಂಬ ಅರ್ಧವನ್ನು ಹಿಡಿದುಕೊಂಡು ಸ್ಕ್ಯಾನ್ ಎಂಬ ಅರ್ಧವನ್ನು ಅಲ್ಲೇ ಬಿಟ್ಟು ಮೆಟ್ಟೂರು ಬಸ್ಸು ಹತ್ತಿದ್ದರು. ಆಮೇಲೆ ಅವನಿಗೆ ಯಾವಾಗಲೂ ಪಾಳಿ ಇರುತ್ತಿತ್ತು. ಪಾಳಿ ಇಲ್ಲದ ದಿನವೂ ಪಾಳಿ ಇರುತ್ತಿತ್ತು. ಸ್ಕ್ಯಾನಿನಲ್ಲಿ ಏನು ಕಂಡೀತು? ಇರಬೇಕಾದದ್ದು ಇಲ್ಲ ಎಂದು ಕಂಡರೆ? ಕಂಪನಿಯ ಕೆಮಿಕಲ್ ಗಾಳಿಯನ್ನು ಬಟ್ಟೆಯಲ್ಲಿ ಮನೆಗೆ ತಂದೆನೋ, ಅವಳು ಹುಟ್ಟುವ ಮೊದಲು ಯಾರ ಹೊಟ್ಟೆ ಉರಿಸಿದೆನೋ ಎಂದು ನಿದ್ದೆ ಬಾರದ ಹಗಲುಗಳಲ್ಲಿ ಸಿಕ್ಕಸಿಕ್ಕದ್ದನ್ನೆಲ್ಲ ತನ್ನ ತಲೆಗೆ ಕಟ್ಟಿಕೊಳ್ಳುತ್ತಿದ್ದ. ಬಸ್ ಚಾರ್ಜಿಗಿಂತ ಅದು ಅಗ್ಗ. ಬಾಗಿಲ ಆಚೆ ಹೆಂಗಸರು ನಾಲಗೆ ಹೊರಳಿಸಿ ಕುಲವೆ ಹಾಕಿದರು, ಆ ಉಲಿ ಬೀದಿಯವರೆಗೂ ಹೋಯಿತು. ಹಸಿ ಮೊಟ್ಟೆಯನ್ನು ಬಾಯಿಗೆ ಒಡೆದು ಹಾಕಿ ಮೇಲೆ ಎಳ್ಳೆಣ್ಣೆ ಕುಡಿಸುತ್ತಿದ್ದರು, ಮೈನೆರೆದವಳ ಸೊಂಟ ಗಟ್ಟಿಯಾಗಲೆಂದು. ಯಾಳಿನಿ ಓಕರಿಸುವುದು ಕೇಳಿಸಿತು. ನುಂಗು ಬಂಗಾರ, ಮೂಗು ಮುಚ್ಚಿಕೊಂಡು ನುಂಗು ಎಂದು ಅಂಜಮ್ಮ ರಮಿಸುತ್ತಿದ್ದಳು. ಅಂಜಮ್ಮನ ದನಿಯಲ್ಲಿ ನಿಜವಾದ ಪ್ರೀತಿಯಿತ್ತು. ಅದನ್ನು ಕೇಳಲು ಅವನಿಂದಾಗಲಿಲ್ಲ, ತಳದ ತಗಡು ಮುಚ್ಚಿ ಒಂದೊಂದೇ ಸ್ಕ್ರೂ ಬಿಗಿ ಮಾಡಿದ.

ಹೆಂಗಸರು ಹೋಗುವಾಗ ಅಂಜಮ್ಮ ಅವನ ಪಕ್ಕದಲ್ಲಿ ನಿಂತು, ತಾಯಿಮಾವನಿಗೆ ಹೇಳಿಕಳಿಸಿದಿರಾ, ನಾನೇ ಫೋನ್ ಮಾಡಲೇ ಎಂದು ಕೇಳಿದಳು. ಹೇಳುತ್ತೇವೆ ಎಂದ. ಉದ್ದಿನ ಹಿಟ್ಟಿಗೆ ಬೆಲ್ಲ ಹಾಕಿ ಕಳಿ ತಿರುವುತ್ತೇನೆ, ಬಿಸಿಯಾಗಿ ತಿನ್ನಲಿ ಎಂದು ಅವಳು ಇಳಿದು ಹೋದಳು. ತಾಯಿಮಾವ ಎಂದರೆ ಯಾಳಿನಿಯ ಸೋದರಮಾವ, ಕಡಯಂಪಟ್ಟಿಯಲ್ಲಿ ಅಂಗಡಿ ಇಟ್ಟಿರುವ ಮುರುಗೇಶನ್. ಸುದ್ದಿ ಕಿವಿಗೆ ಬಿದ್ದರೆ ಸಾಕು, ಹಸಿ ತೆಂಗಿನ ಗರಿ ಹೊತ್ತು ಬಂದು ಹುಡುಗಿ ಕೂರಲು ಗುಡಿಸಲು ಕಟ್ಟುತ್ತಾನೆ, ಕಲ್ಯಾಣಮಂಟಪ ಹಿಡಿಯುತ್ತಾನೆ, ಹುಡುಗಿಯ ಫೋಟೋ ಆಳೆತ್ತರ ಮಾಡಿಸಿ ಬಸ್ಟ್ಯಾಂಡಿನಲ್ಲಿ ನಿಲ್ಲಿಸುತ್ತಾನೆ. ಗೋವಿಂದರಾಜ್ ಒಳಗೆ ಬಂದರೆ ಪೆದ್ದಮ್ಮ ಮೂಲೆಯಲ್ಲಿ ಬಾಯಿ ಬಡಿದುಕೊಳ್ಳುತ್ತಿದ್ದಳು. “ನನ್ ಬಾಯಿಗ್ ಬೆಂಕಿ ಬೀಳ. ಗ್ರೈಂಡರ್ ಆಳಾಯ್ತು ಅಂತ ಏಳಾಕ್ ಓದ್ನಲ್ಲಪ್ಪ ನಾನು!” ಸ್ವಲ್ಪ ಹೊತ್ತು ಬಡಿದುಕೊಂಡು, ಕಣ್ಣೊರೆಸಿಕೊಂಡು, ಬೇರೆಯದೇ ದನಿಯಲ್ಲಿ ಅಂದಳು: “ಯಾರ್ ಕಂಡವ್ರೆ, ದೇವ್ರೇ ನನ್ ಬಾಯಲ್ ಏಳ್ಸಿರ್ಬೋದು. ಏಳಿದ್ಮ್ಯಾಕೆ ಆಗಾದು ಆಯ್ತೈತೆ.”

ಶಾಂತಿ ಮಗಳಿಗೆ ಮೂಲೆಯಲ್ಲಿ ಚಾಪೆ ಹಾಕಿದ್ದಳು. ಚಾಪೆಯ ಪಕ್ಕ ಬೇರೆ ತಟ್ಟೆ, ಬೇರೆ ಲೋಟ. ನೋಡುವವರು ಹೋಗಿದ್ದರು, ಆದರೂ ನೀರನ್ನು ಮೇಲಿಂದ ಎತ್ತಿ ಹೊಯ್ದಳು, ಲೋಟಕ್ಕೆ ಕೈ ತಾಗದ ಹಾಗೆ. ಅದನ್ನು ನೋಡಿ ಅವನಿಗೆ ಭಯವಾಯಿತು.

“ಯಾಕ್ ಸುಮ್ಕಿದ್ದೆ ನೀನು?” ಎಂದು ಮೆಲ್ಲಗೆ ಕೇಳಿದ.

“ನೀವ್ ಯಾಕ್ ಸುಮ್ಕಿದ್ರಿ?”

ಶಾಂತಿ ಚೊಂಬು ಕೆಳಗಿಟ್ಟಳು. “ವಾರವಾರ ಆ ಕೇಳ್ವಿಗೆ ಬದುಲು ಏಳಾದು ನಾನು, ನೀವಲ್ಲ. ಇವತ್ತಿಂದ ಎಲ್ರ ಬಾಯಿ ಮುಚ್ತೈತೆ, ಅಷ್ಟು ಸಾಕು ನಂಗೆ. ನಿಜವಾಗ್ಲೂ ಆಗಾದು ಒಂದಿನ ಆಗೇ ಆಗ್ತೈತೆ. ಈಗ್ಲೇ ಆಯ್ತು ಅಂದ್ಕಂಡ್ರೆ ಏನ್ ಓಯ್ತು?”

“ಆಗ್ದೇ ಓದ್ರೆ?”

ಆ ಮಾತು ಅವನ ಬಾಯಿಂದ ಹೇಗೆ ಬಂತೋ ಅವನಿಗೇ ತಿಳಿಯಲಿಲ್ಲ. ಇಷ್ಟು ದಿನ ಆ ಮನೆಯಲ್ಲಿ ಯಾರೂ ಅದನ್ನು ಆಡಿರಲಿಲ್ಲ. ಶಾಂತಿ ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ಅವನು ಗ್ರೈಂಡರನ್ನು ಅದರ ಜಾಗದಲ್ಲಿಟ್ಟು, ಪಾತ್ರೆ ಕೂರಿಸಿ, ಸ್ವಿಚ್ ಹಾಕಿದ. ಪಾತ್ರೆ ತಿರುಗಿತು, ಕಲ್ಲುಗಳು ಒಂದಕ್ಕೊಂದು ಉಜ್ಜಿ ಹಳೆಯ ಸದ್ದೇ ಬಂತು. ಯಾರೂ ತಿರುಗಿ ನೋಡಲಿಲ್ಲ. ಅವನು ಆರಿಸಿದ.

“ಅಪ್ಪಾ.”

ಚಾಪೆಯ ಮೇಲೆ ಯಾಳಿನಿ ಮೊಣಕಾಲು ಕಟ್ಟಿಕೊಂಡು ಕೂತಿದ್ದಳು. ಕೆನ್ನೆಯ ಮೇಲೆ ಅರಿಶಿನ ಹಚ್ಚಿದ್ದರು, ತುಟಿಯ ಅಂಚಿನಲ್ಲಿ ಎಣ್ಣೆ ಹೊಳೆಯುತ್ತಿತ್ತು. ಅತ್ತಿರಲಿಲ್ಲ. “ಇನ್ಮೇಲೆ ಆಸ್ಪತ್ರೆಗೆ ಓಗಾದ್ ಬೇಡ್ವಾ?” ಎಂದಳು. ಆಮೇಲೆ ತಮಿಳಿಗೆ ತಿರುಗಿದಳು, “ಅವ್ಳೋದಾನಾ? ಎಲ್ಲಾಂ ಮುಡಿಞ್ಚುದಾ?” ಅಷ್ಟೇನಾ, ಎಲ್ಲ ಮುಗಿಯಿತಾ.

ಮೆಟ್ಟಿಲ ಮೇಲೆ ಸ್ಕ್ರೂ ಬಿಗಿ ಮಾಡುತ್ತ ಅವನು ಯೋಚಿಸುತ್ತಿದ್ದದ್ದು ಅದನ್ನೇ. ಹಾಗೆ ಮಾತಿನಲ್ಲಿ ಅಲ್ಲ. ಆದರೆ ಕುಲವೆ ಕೇಳಿದಾಗ ಎದೆಯ ಮೇಲಿನ ಕಲ್ಲೊಂದು ಸರಿದಂತಾಗಿತ್ತು, ಇನ್ನು ಯಾರೂ ಕೇಳುವುದಿಲ್ಲ, ಇನ್ನು ಅವಸರವಿಲ್ಲ, ಸೇಲಂ ಬಸ್ಸಿಲ್ಲ ಎಂದು. ಬೀದಿಯ ಬಾಯಿ ಮುಚ್ಚಿದರೆ ಮಗಳ ಹೊಟ್ಟೆಯೊಳಗಿರುವುದೂ ಸರಿಹೋದಂತೆ ಎಂದು ಒಬ್ಬ ತಂದೆ ನಿರಾಳವಾಗಿದ್ದ. ಹುಡುಗಿ ಅದನ್ನು ಅವನ ಮುಖದಲ್ಲಿ ಓದಿಬಿಟ್ಟಿದ್ದಳು. ಅವಳು ಕೇಳಿದ್ದು ಆಸೆಯಿಂದಲ್ಲ, ಕೈಬಿಟ್ಟಿರಾ ಎಂದು ಕೇಳಿದ್ದಳು. ಅವನು ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಚಪ್ಪಲಿ ಮೆಟ್ಟದೆ, ಮೆಟ್ಟಿಲಿಳಿದ.

ಅಂಜಮ್ಮನ ಅಡುಗೆಮನೆ ಬೆಲ್ಲದ ಹಬೆಯಲ್ಲಿ ಮಂಜಾಗಿತ್ತು. ಅವಳು ಎರಡೂ ಕೈಯಿಂದ ಕಳಿ ತಿರುವುತ್ತಿದ್ದಳು. ಮೇಲೆ ಬಂದಿದ್ದವರಲ್ಲಿ ಒಬ್ಬಳು ಅಲ್ಲೇ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಇವಳಿರುವಾಗ ಬೇಡ, ಆಮೇಲೆ ಬರೋಣ ಎಂದು ಅವನ ಕಾಲು ಹಿಂದೆಗೆಯಿತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆದರೆ ಆಡದೆ ಹೋದದ್ದು ಎಷ್ಟೋ.

“ಅಕ್ಕಾ, ಪುಳ್ಳೈ ಇನ್ನುಂ ಆಗಲೆ,” ಎಂದ.

ಅವನ ದನಿ ಅಗತ್ಯಕ್ಕಿಂತ ಜೋರಾಗಿತ್ತು, ಪಂಪಿನ ಮನೆಯಲ್ಲಿ ಕೂಗಿ ಅಭ್ಯಾಸವಾದವನ ದನಿ. ಉಳಿದದ್ದನ್ನೂ ತಮಿಳಿನಲ್ಲೇ ಹೇಳಿದ. ಕೆಟ್ಟದ್ದು ನಿಮ್ಮ ಗ್ರೈಂಡರು, ನಮ್ಮ ಮಾತಿನಲ್ಲಿ ಕೆಟ್ಟಿತು ಅನ್ನುವುದಕ್ಕೆ ಹಾಗೆನ್ನುತ್ತೇವೆ, ಅಮ್ಮ ಅದನ್ನೇ ಹೇಳಲು ಬಂದದ್ದು. ಗ್ರೈಂಡರು ಸರಿಯಾಗಿದೆ. ಹುಡುಗಿಗೆ ಮಾತ್ರ ಇನ್ನೂ ಏನೂ ಆಗಿಲ್ಲ. ಸೇಲಂನಲ್ಲಿ ಡಾಕ್ಟರು ಸ್ಕ್ಯಾನ್ ಮಾಡಿಸಿ ಎಂದರು, ಮಾಡಿಸದೆ ಕರಕೊಂಡು ಬಂದವನು ನಾನು. ಸೋಮವಾರ ಹೋಗುತ್ತೇವೆ.

ಸೌಟು ನಿಂತಿತು. ಎಲೆಯಡಿಕೆಯ ಹೆಂಗಸು ಸುಣ್ಣ ಹಚ್ಚಿದ ಬೆರಳನ್ನು ಹಾಗೇ ಎತ್ತಿ ಹಿಡಿದಿದ್ದಳು. ಅಂಜಮ್ಮ ಅವನನ್ನು ನೋಡಿದಳು, ಪಾತ್ರೆಯನ್ನು ನೋಡಿದಳು, ಏನು ಹೇಳಬೇಕೋ ತಿಳಿಯದೆ, “ಅಪ್ಪೊ ಅಡುಪ್ಪ ಅಣಚ್ಚಿಡವಾ?” ಎಂದಳು. ಹಾಗಾದರೆ ಒಲೆ ಆರಿಸಿಬಿಡಲಾ. ಅಂಜಮ್ಮನಿಗೆ ಮೆಲ್ಲಗೆ ಸಿಟ್ಟು ಏರಿತು, ಏರಬೇಕಾದದ್ದೇ. ನಾಲ್ಕು ಜನರ ಮುಂದೆ ನನ್ನನ್ನು ಹುಚ್ಚಿ ಮಾಡಿಬಿಟ್ಟಿರಲ್ಲ ತಂಬಿ, ಆ ಮಗುವಿಗೆ ಮೊಟ್ಟೆ ಕುಡಿಸುವಾಗ ಒಬ್ಬರಾದರೂ ಬಾಯಿ ಬಿಡಬಾರದಿತ್ತಾ, ಎಂದಳು. ಬಿಡಬೇಕಿತ್ತು ಎಂದ. ಕಳಿ ತಳ ಹಿಡಿಯುವ ವಾಸನೆ ಬಂದು ಅವಳು ಮತ್ತೆ ಗರಗರ ತಿರುವಿದಳು, ತಿರುವುತ್ತ ತಿರುವುತ್ತ ಮಾತು ನಿಂತಿತು. ಒಂದು ಪಾತ್ರೆಗೆ ಹಾಕಿ, ಎಣ್ಣೆ ಸುರಿದು, ಅವನ ಮುಖ ನೋಡದೆ ಮುಂದಕ್ಕೆ ತಳ್ಳಿದಳು. ಇದು ಯಾರು ತಿಂದರೂ ಒಳ್ಳೆಯದೇ, ತಗೊಂಡು ಹೋಗು ಎಂದಳು.

ಬಿಸಿ ಪಾತ್ರೆಯನ್ನು ಅಂಗಿಯ ಚುಂಗಿನಲ್ಲಿ ಹಿಡಿದು ಅವನು ಮೇಲೆ ಬಂದ. “ಬೀದಿಗೆಲ್ಲ ಸಾರ್ಬಿಟ್ಟು ಬಂದ್ರಾ?” ಎಂದಳು ಶಾಂತಿ ಒಳಗಿನಿಂದ, ದನಿ ಒಡೆದಿತ್ತು. ನಾಳೆಯಿಂದ ಪ್ರಶ್ನೆಗಳು ಒಂದಕ್ಕೆ ನಾಲ್ಕಾಗುತ್ತವೆ, ಈ ಮನೆಯಲ್ಲಿ ಎಷ್ಟು ದಿನ ಇರಬಹುದೋ ಅದೂ ಗೊತ್ತಿಲ್ಲ. ಅವನು ಪಾತ್ರೆಯನ್ನು ನೆಲದ ಮೇಲಿಟ್ಟ. ನಿದ್ದೆ ಈಗ ಕಾಲಿನಿಂದ ಏರಿ ಬರುತ್ತಿತ್ತು.

ಯಾಳಿನಿ ಚಾಪೆಯಿಂದ ಎದ್ದು ಬಂದು ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಕಳಿಯನ್ನು ಮುಟ್ಟಲಿಲ್ಲ. ಕೆಳಗೆ ಆಡಿದ್ದೆಲ್ಲ ಮೇಲಕ್ಕೆ ಕೇಳಿಸಿರಬೇಕು, ಅವನು ಅಷ್ಟು ಜೋರಾಗಿ ಕೂಗಿದ್ದ. ಬೈಯುತ್ತಾಳೆ ಎಂದುಕೊಂಡ. ಬೈದರೆ ಬೈಯಲಿ.

“ಅಪ್ಪಾ,” ಎಂದಳು, ಅವನ ಕಡೆ ನೋಡದೆ. “ಸೋಮ್ವಾರ ಡಾಕ್ಟರ್ ಅತ್ರಾನೂ ನೀನೇ ಒಳಕ್ ಬಂದು ಇಂಗೇ ಏಳು. ಅಮ್ಮ ಏಳಲ್ಲ. ನಂಗೆ ಬಾಯಿ ಬರಲ್ಲ.”